ಹಗ್ಗದ ಮುಂದಾಳು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಹುಟ್ಟಿ ಬೆಳೆದದ್ದು ಮಲ್ಪೆಯಲ್ಲಿ. ಜೂನ್, ಜುಲೈ ತಿಂಗಳ 61 ದಿನಗಳ ರಜೆ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿಯುವ ಹೊತ್ತಿನಲ್ಲಿ ನನ್ನ ಮಾವ ನೀರಿಗಿಂತ ಹೆಚ್ಚಾಗಿ ಪಡುವಣದ ಬಾನನ್ನೇ ನೋಡುತ್ತಿದ್ದರು. ಅವರು ಬೋಟಿನ ತಂಡೇಲರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು. ಡೀಸೆಲ್ ತುಂಬಿಸಿ, ಮಂಜುಗಡ್ಡೆ ಹೇರಿ, ಕಲಾಸಿಗಳಿಗೆ ವಾರಕ್ಕಾಗುವಷ್ಟು ಅಕ್ಕಿ ಸಾಮಾನು ಇಟ್ಟುಕೊಂಡು ಹೊರಟ ಬೋಟನ್ನು ಅವರು ಅಳಿವೆಯಿಂದಲೇ ತಿರುಗಿಸಿ ತಂದ ದಿನಗಳುಂಟು. ಅಷ್ಟೂ ಖರ್ಚು ಮೈಮೇಲೆ. ಆದರೂ ಮನೆಯಲ್ಲಿ ಯಾರೂ ಯಾಕೆ ಎಂದು ಕೇಳುತ್ತಿರಲಿಲ್ಲ.

ಹಿಮಪರ್ವತದ ತರಬೇತಿಗೆ ಹೋದಾಗ ನನಗೆ ಮತ್ತೆ ಮತ್ತೆ ನೆನಪಾದವರು ಈ ಮಾವ. ಬೆಟ್ಟ ಹತ್ತುವ ವಿದ್ಯೆ ಒಂದು, ಹತ್ತುವವರನ್ನು ಕರೆದೊಯ್ಯುವ ವಿದ್ಯೆ ಇನ್ನೊಂದು. ಎರಡನೆಯದು ಮೊದಲನೆಯದರ ಮುಂದುವರಿಕೆ ಎಂದು ನಾನು ತಿಳಿದಿದ್ದೆ. ಅದು ತಪ್ಪು.

ನಮ್ಮ ದೇಶದಲ್ಲಿ ಇದನ್ನು ಕಲಿಸುವ ಹಳೆಯ ಶಾಲೆ ಡಾರ್ಜಿಲಿಂಗಿನ ಹಿಮಾಲಯನ್ ಮೌಂಟನೇರಿಂಗ್ ಇನ್‌ಸ್ಟಿಟ್ಯೂಟ್. ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಏರಿದ ಮರುವರ್ಷ, 1954ರಲ್ಲಿ ಅದು ಶುರುವಾಯಿತು. ಅಲ್ಲಿನ ಹೊರಾಂಗಣ ತರಬೇತಿಯ ಮೊದಲ ನಿರ್ದೇಶಕರು ತೇನ್‌ಸಿಂಗ್ ಅವರೇ. 1965ರಲ್ಲಿ ಉತ್ತರಕಾಶಿಯ ನೆಹರೂ ಸಂಸ್ಥೆ ಬಂತು. ಮನಾಲಿ, ಪಹಲ್ಗಾಮಿನಲ್ಲೂ ಶಾಲೆಗಳಿವೆ. ಮೊದಲು ಸುಮಾರು ನಾಲ್ಕು ವಾರಗಳ ಬೇಸಿಕ್. ಅದರಲ್ಲಿ ಎ ಗ್ರೇಡ್ ಬಂದರೆ ಅಡ್ವಾನ್ಸ್. ಅಲ್ಲೂ ಎ ಗ್ರೇಡ್ ಬಂದರೆ ಎಂ.ಒ.ಐ., ಅಂದರೆ ಕಲಿಸುವುದನ್ನು ಕಲಿಯುವ ಕೋರ್ಸು.

ಶಿಬಿರದಲ್ಲಿ ನಮ್ಮನ್ನು ಸಣ್ಣ ಸಣ್ಣ ಗುಂಪುಗಳಾಗಿ ಹಂಚುತ್ತಾರೆ. ಒಂದೊಂದು ಗುಂಪಿಗೆ 'ರೋಪ್' ಎಂದು ಹೆಸರು, ಅದಕ್ಕೊಬ್ಬ ರೋಪ್ ಲೀಡರ್. ಮೊದಲ ವಾರ ಹಗ್ಗದ ಗಂಟುಗಳ ಪಾಠ. ಎರಡು ಹಗ್ಗ ಸೇರಿಸುವ ಒಂದು ಗಂಟನ್ನು ಫಿಶರ್‌ಮನ್ಸ್ ನಾಟ್ ಎಂದು ಕರೆದಾಗ ನನಗೆ ಮೈ ಜುಮ್ಮೆಂದಿತು. ಮೀನುಗಾರರ ಹೆಸರಿನ ಗಂಟು, ಕಡಲೇ ಕಾಣದ ಆ ಕಣಿವೆಯಲ್ಲಿ, ಜೀವ ಹಿಡಿಯುವ ಕೆಲಸಕ್ಕೆ!

ನನ್ನ ಸರದಿಯಲ್ಲಿ ರೋಪ್ ಲೀಡರ್ ಆದಾಗ ಮುಂದೆ ನಿಂತು ದಾರಿ ತೋರಿಸುವುದೇ ಕೆಲಸ ಎಂದುಕೊಂಡಿದ್ದೆ. ನಿಜವಾದ ಕೆಲಸ ಬೇರೆಯೇ ಇತ್ತು. ರಾತ್ರಿ ಯಾರು ಊಟ ಬಿಟ್ಟರು, ಯಾರ ಕೈಗವಸು ಒದ್ದೆಯಾಗಿದೆ, ಎಂದೂ ಹರಟುವವಳು ಇವತ್ತು ಯಾಕೆ ಸುಮ್ಮನಿದ್ದಾಳೆ ಎಂದು ನೋಡುವುದು.

ಅದು ಯಾಕೆ ಬೇಕು ಎಂಬುದನ್ನು ನನ್ನ ತಪ್ಪಿನಿಂದಲೇ ಕಲಿತೆ. ಎತ್ತರಕ್ಕೆ ಹೋದರೂ ಗಾಳಿಯಲ್ಲಿ ಆಮ್ಲಜನಕದ ಪಾಲು ಅದೇ 21 ಶೇಕಡಾ. ಕಡಿಮೆಯಾಗುವುದು ಗಾಳಿಯ ಒತ್ತಡ. 5,500 ಮೀಟರ್ ಸುಮಾರಿಗೆ ಅದು ಕಡಲತೀರದಲ್ಲಿರುವುದರ ಅರ್ಧ. ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಹಾಗೆಯೇ ಕಡಿಮೆ, ಅದಕ್ಕೆ ಮೈ ಒಗ್ಗಲು ಸಮಯ ಬೇಕು. ಆದ್ದರಿಂದ 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ನಿಲ್ಲಬೇಕು. ಇದೆಲ್ಲ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಆದರೂ ತಲೆ ಸಿಡಿಯುತ್ತಿದ್ದಾಗ, ಹೇಳಿದರೆ ಗ್ರೇಡ್ ಹೋದೀತೆಂದು ಮುಚ್ಚಿಟ್ಟೆ. ಬೆಳಿಗ್ಗೆ ನಮ್ಮ ತರಬೇತುದಾರರು ನನ್ನ ಮುಖ ನೋಡಿದವರೇ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಹೆಬ್ಬೆರಳು ತಾಗಿಸುತ್ತ ನೇರ ಗೆರೆಯಲ್ಲಿ ನಡೆದು ತೋರಿಸು ಎಂದರು. ಎತ್ತರದ ಕಾಯಿಲೆ ಜೋರಾಗಿ ಮಿದುಳಿಗೆ ನೀರು ಸೇರಿದರೆ ಮನುಷ್ಯ ಹೀಗೆ ನಡೆಯಲಾರ. ನಾನು ನಡೆದೆ. ಆದರೂ ಅವರು ನನ್ನನ್ನು ಕೆಳಗಿನ ಕ್ಯಾಂಪಿಗೆ ಇಳಿಸಿದರು. ಬೈಯಲಿಲ್ಲ. ಕೆಳಗೆ ಹೋಗಿ ಗಂಜಿಯಂಥದ್ದೇನಾದರೂ ಕುಡಿ ಎಂದಷ್ಟೇ ಹೇಳಿದರು. ನನ್ನ ಬಾಯಿ ಸುಳ್ಳು ಹೇಳಿತ್ತು, ಅವರು ನನ್ನ ಕಣ್ಣನ್ನು ಓದಿದ್ದರು.

ಹಿಮಾಲಯದ ದೊಡ್ಡ ಪರ್ವತಾರೋಹಣಗಳಲ್ಲಿ ಮೊದಲೇ ಕಟ್ಟಿಟ್ಟ ಹಗ್ಗ, ಸಾಲು ಕ್ಯಾಂಪುಗಳು, ಶೆರ್ಪಾಗಳ ಆಸರೆ ಇರುತ್ತವೆ. ಆಲ್ಪೈನ್ ಶೈಲಿ ಎಂಬ ಇನ್ನೊಂದು ಬಗೆಯ ಹತ್ತುವಿಕೆಯಲ್ಲಿ ಅದಾವುದೂ ಇಲ್ಲ. ಎರಡು ಮೂರು ಜನ, ತಮ್ಮ ಹೊರೆ ತಮ್ಮ ಬೆನ್ನಿಗೆ. ಆ ಹೆಸರು ಬಂದದ್ದು ಯುರೋಪಿನ ಆಲ್ಪ್ಸ್ ಪರ್ವತಗಳಿಂದ. ಅಲ್ಲಿನ ಮೋಂಟ್ ಬ್ಲಾಂಕ್ ಶಿಖರವನ್ನು ಮೊದಲು ಏರಿದ್ದು 1786ರಲ್ಲಿ. 1820ರಲ್ಲಿ ಅದೇ ಪರ್ವತದಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಮೂವರು ಮಾರ್ಗದರ್ಶಕರು ಸತ್ತರು. ಮರುವರ್ಷವೇ ಶಾಮೊನಿ ಊರಿನವರು ಮಾರ್ಗದರ್ಶಕರ ಸಂಘ ಕಟ್ಟಿದರು.

ಇಂಥ ಸಾವು ನಮ್ಮಲ್ಲೂ ಆಗಿದೆ. 2022ರ ಅಕ್ಟೋಬರ್ 4ರಂದು ಉತ್ತರಕಾಶಿ ಜಿಲ್ಲೆಯ ದ್ರೌಪದಿ ಕಾ ಡಾಂಡಾ-2 ಶಿಖರದಲ್ಲಿ ಅಡ್ವಾನ್ಸ್ ಕೋರ್ಸಿನ ತಂಡ ಹಿಮಕುಸಿತಕ್ಕೆ ಸಿಕ್ಕಿತು. 27 ಮಂದಿಯ ದೇಹ ಸಿಕ್ಕಿತು, ಇಬ್ಬರು ಸಿಗಲೇ ಇಲ್ಲ. ಅದೇ ವರ್ಷ 16 ದಿನಗಳ ಒಳಗೆ ಎವರೆಸ್ಟ್ ಮತ್ತು ಮಕಾಲು ಎರಡನ್ನೂ ಏರಿದ್ದ ಸವಿತಾ ಕಂಸ್ವಾಲ್ ತರಬೇತುದಾರರಾಗಿ ಆ ತಂಡದಲ್ಲಿದ್ದರು, ಅವರೂ ಹೋದರು. ಅಷ್ಟು ಬಲ್ಲವರನ್ನೂ ಹಿಮ ಬಿಡಲಿಲ್ಲ. ತರಬೇತಿಗೆ ಹೊರಡುವ ಮಕ್ಕಳ ತಂದೆತಾಯಿಗೆ ನಾನು ಈ ಸುದ್ದಿಯನ್ನು ಮುಚ್ಚಿಡುವುದಿಲ್ಲ.

ನಮ್ಮ ಕಡೆಯವರು ಹೇಗೆ ಸಿದ್ಧರಾಗಬೇಕು ಎಂದು ಕೇಳುತ್ತಾರೆ. ಪಣಂಬೂರಿನ ಮರಳಲ್ಲಿ ಬೆನ್ನಿಗೆ ಹೊರೆ ಹಾಕಿಕೊಂಡು ನಡೆಯಿರಿ. ಬೆಳ್ತಂಗಡಿಯ ಗಡಾಯಿಕಲ್ಲಿನ ಮೆಟ್ಟಿಲು ಹತ್ತಿರಿ. ಇಳಿಯುವಾಗ ಮೊಣಕಾಲು ಹೇಳುವುದನ್ನು ಕೇಳಿರಿ. ಅರ್ಜಿಯನ್ನು ತಿಂಗಳುಗಳ ಮೊದಲೇ ಹಾಕಿರಿ. ಎತ್ತರದ ಗಾಳಿಗೆ ಮಾತ್ರ ಇಲ್ಲಿ ಅಭ್ಯಾಸ ಮಾಡಲಾಗದು, ಅದನ್ನು ಅಲ್ಲಿಯೇ ನಿಧಾನವಾಗಿ ಕಲಿಯಬೇಕು.

ಮುಂದಾಳುತನವನ್ನು ಮಾತ್ರ ಇಲ್ಲಿಯೂ ಕಲಿಯಬಹುದು. ಕಳೆದ ಡಿಸೆಂಬರಿನಲ್ಲಿ ಕುದುರೆಮುಖಕ್ಕೆ ಹೋದ ನಮ್ಮ ಹನ್ನೆರಡು ಮಂದಿಯ ಗುಂಪನ್ನು ಪಿ.ಯು. ಓದುವ ಹುಡುಗಿಯೊಬ್ಬಳಿಗೆ ಒಪ್ಪಿಸಿದೆ. ಅವಳು ಎಲ್ಲರಿಗಿಂತ ಹಿಂದೆ ನಡೆದಳು. ಒಂಟಿಮರ ದಾಟಿದ ಮೇಲೆ ಹುಡುಗನೊಬ್ಬನ ಕಾಲು ಹಿಡಿದುಕೊಂಡಿತು. ಅವನು ಏನೂ ಆಗಿಲ್ಲ ಎನ್ನುತ್ತಲೇ ಇದ್ದ. ಉಳಿದವರು ಮೇಲೆ ಹೋಗುವ ಹುಮ್ಮಸ್ಸಿನಲ್ಲಿದ್ದರು. ಅವಳು ಅವನ ಹೆಜ್ಜೆ ನೋಡಿದಳು, ಗಡಿಯಾರ ನೋಡಿದಳು. ಮತ್ತೆ ನನ್ನ ಹತ್ತಿರ ಬಂದು, "ಟೀಚರ್, ಇಳಿಯುವಾ" ಎಂದಳು.

ನಾನು ಯಾಕೆ ಎಂದು ಕೇಳಲಿಲ್ಲ.