ಪದವಿಟ್ಟಳುಪದ ಪುಣ್ಯಾತ್ಮರಿಗೆ ಒಂದು ಮಾತು

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಸ್ಕ್ರಿಪ್ಟೂ ರೆಡಿ ಇತ್ತು. ಆದರೆ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಕಾಮೆಂಟ್ ಓದಿದೆ. ಮಾಡಬಾರದ ಕೆಲಸ, ಗೊತ್ತು.

ಹೋದ ವಾರದ ವಿಡಿಯೋದಲ್ಲಿ ನಾನು ಹೇಳಿದ್ದು ಇಷ್ಟೇ. ಕಾಲೇಜಿನಲ್ಲಿ ಮಕ್ಕಳು ಬರೆದದ್ದನ್ನು ತಿದ್ದಿ, ವಾಪಸ್ ಕೊಟ್ಟು, ಮತ್ತೆ ಬರೆಸಿ. ಅದರ ಕೆಳಗೆ ಒಬ್ಬ ಮಹಾನುಭಾವರು ಬರೆದಿದ್ದಾರೆ: "ಬರವನಿಗೆ ಹುಟ್ಟಿನಿಂದ ಬರಬೇಕು ಸಾರ್. ಕುಮಾರವ್ಯಾಸ ಹೇಳಿಲ್ವಾ, ಪದವಿಟ್ಟಳುಪದೊಂದಗ್ಗಳಿಕೆ ಅಂತ?" ಅದಕ್ಕೆ ನಲವತ್ತು ಲೈಕು. ನನ್ನ ವಿಡಿಯೋಗೆ ಬಂದದ್ದೇ ಎಪ್ಪತ್ತು.

ಸರಿ, ಕುಮಾರವ್ಯಾಸನನ್ನು ಕರೆದಿದ್ದೀರಲ್ಲ, ಕೂರಿಸಿಕೊಂಡೇ ಮಾತಾಡೋಣ. ಒಂದು ಸಲ ಇಟ್ಟ ಪದವನ್ನು ಅಳಿಸುವುದಿಲ್ಲ, ಅದು ನನ್ನ ಅಗ್ಗಳಿಕೆ ಅಂತಾನೆ ಗದುಗಿನ ಕವಿ. ನಿಜ. ಅಗ್ಗಳಿಕೆ ಅಂದರೆ ಹೆಚ್ಚುಗಾರಿಕೆ. ಎಲ್ಲರೂ ಮಾಡುವುದನ್ನು ಯಾರಾದರೂ ಹೆಚ್ಚುಗಾರಿಕೆ ಅಂತಾರಾ? ನಾನು ಬಲಗೈಯಲ್ಲಿ ಊಟ ಮಾಡುತ್ತೇನೆ, ಅದು ನನ್ನ ಅಗ್ಗಳಿಕೆ ಅಂದರೆ ನಗುವುದಿಲ್ವಾ ನೀವು?

ಮತ್ತೆ, ಅದೇ ಪದ್ಯದ ಮೊದಲ ಸಾಲು ಯಾಕೆ ನುಂಗಿದಿರಿ? "ಹಲಗೆ ಬಳಪವ ಪಿಡಿಯದೊಂದಗ್ಗಳಿಕೆ." ಹಲಗೆ ಬಳಪ ಹಿಡಿಯದೆ ಬರೆಯುತ್ತೇನೆ ಅಂತಾನೆ. ಅಂದರೆ ಏನರ್ಥ? ಮಿಕ್ಕವರೆಲ್ಲ ಹಿಡಿಯುತ್ತಿದ್ದರು ಅಂತ! ಓಲೆಗರಿಯ ಮೇಲೆ ಕಂಠದಲ್ಲಿ, ಅಂದರೆ ಕಬ್ಬಿಣದ ಲೇಖನಿಯಲ್ಲಿ, ಕೊರೆದರೆ ಮುಗಿಯಿತು, ಒರೆಸುವ ಹಾಗಿಲ್ಲ. ಹಾಗಾಗಿ ಮೊದಲು ಹಲಗೆಯ ಮೇಲೆ ಬರೆ, ಒರೆಸು, ಮತ್ತೆ ಬರೆ. ರಫ್ ಕಾಪಿ ಸ್ವಾಮಿ ಅದು! ನಿಮ್ಮ ಸಾಕ್ಷಿ ನನ್ನ ಕಡೆಗೇ ಸಾಕ್ಷಿ ಹೇಳಿದ. ಇನ್ನು ನೀವು ಕುಮಾರವ್ಯಾಸನೇ ಆಗಿದ್ದರೆ ಅಳಿಸಬೇಡಿ, ನನ್ನ ಅಭ್ಯಂತರ ಇಲ್ಲ. ಆದರೆ ನೀವು 'ಬರವಣಿಗೆ'ಗೆ ಣ ಬದಲು ನ ಹಾಕಿದ್ದೀರಿ.

ಇರಲಿ. ವಾಪಸ್ ಕೊಡಿ, ಮತ್ತೆ ಬರೆಸಿ. ನನ್ನ ಮಾತು ಇಷ್ಟೇ.

ನನ್ನ ಡಿಗ್ರಿ ದಿನಗಳ ಒಂದು ವಿಷಯ ಹೇಳುತ್ತೇನೆ. ಅಸೈನ್‌ಮೆಂಟ್ ಕೊಡುವ ದಿನ ಗಡಿಬಿಡಿಯಲ್ಲಿ ಮೂರನೇ ಹಾಳೆಯನ್ನು ತಲೆಕೆಳಗಾಗಿ ಪಿನ್ ಹೊಡೆದಿದ್ದೆ. ತಿಂಗಳಾದ ಮೇಲೆ ನೋಡಿದರೆ ಎಲ್ಲಾ ಹಾಳೆಗೂ ಕೆಂಪು ಇಂಕಿನ ಟಿಕ್ ಬಿದ್ದಿದೆ. ಮೂರನೆಯದಕ್ಕೂ. ಅಕ್ಷರ ತಲೆಕೆಳಗು, ಟಿಕ್ ಮಾತ್ರ ನೆಟ್ಟಗೆ. ಹತ್ತಕ್ಕೆ ಎಂಟು! ನಾನು ಖುಷಿಯಾಗಿ ಕ್ಯಾಂಟೀನಿಗೆ ಹೋಗಿ ಬನ್ ತಿಂದೆ. ಕಲಿತದ್ದೇನು? ಪಿನ್ ಹೊಡೆಯುವುದು.

ಅದೇ ಕಾಲೇಜಿನಲ್ಲಿ ಇನ್ನೊಬ್ಬರು ಮೇಡಂ ಇದ್ದರು. ಕಾಲೇಜು ಮ್ಯಾಗಜಿನ್‌ಗೆ ಅಂತ ನಮ್ಮೂರ ಕೆರೆ ಬಗ್ಗೆ ನಾಲ್ಕು ಪುಟ ಬರೆದು ಕೊಟ್ಟಿದ್ದೆ. ಕಣ್ಣೀರು, ಬಾಲ್ಯ, ಮುಸ್ಸಂಜೆ, ಎಲ್ಲಾ ಇತ್ತು. ಮೇಡಂ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಎರಡೇ ಪದ ಬರೆದರು. "ಕೆರೆ ಎಲ್ಲಿ?" ಮೈಯೆಲ್ಲ ಉರಿದುಹೋಯಿತು. ಎರಡು ದಿನ ಅವರ ಎದುರು ಬೀಳಲಿಲ್ಲ. ಮೂರನೇ ದಿನ ಓದಿದೆ. ಹೌದಲ್ಲ, ನಾಲ್ಕು ಪುಟದಲ್ಲಿ ಒಂದು ಹನಿ ನೀರಿಲ್ಲ! ತೂಬಿಲ್ಲ, ಏರಿ ಇಲ್ಲ, ಎಮ್ಮೆ ಇಲ್ಲ. ಮತ್ತೆ ಬರೆದೆ. ಮತ್ತೆ ಪೆನ್ಸಿಲ್. "ಎಮ್ಮೆ ಜಾಸ್ತಿ ಆಯಿತು." ಮೂರನೇ ಸಲ ಬರೆದದ್ದು ಅಚ್ಚಾಯಿತು, ಒಂದೂವರೆ ಪುಟ. ಈಗಲೂ ಏನಾದರೂ ಬರೆದು ಮುಗಿಸಿದ ಕೂಡಲೇ ಆ ಪೆನ್ಸಿಲ್ ಕಾಣುತ್ತದೆ ನನಗೆ.

ಅಂದಹಾಗೆ, ನಮ್ಮ ಎಂಟು ವಾರದ ಬರವಣಿಗೆ ಕ್ಲಾಸ್ ಮುಂದಿನ ತಿಂಗಳು ಶುರು. ಲಿಂಕ್ ಕೆಳಗಿದೆ. ಪೆನ್ಸಿಲ್ ನೀವೇ ತನ್ನಿ.

ಇನ್ನು ದೊಡ್ಡವರ ಕಥೆ ಬೇಕಾ? 1924. ಮೈಸೂರಿನಲ್ಲಿ ಓದುತ್ತಿದ್ದ ಒಬ್ಬ ಹುಡುಗ. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ. ಎರಡು ವರ್ಷದ ಹಿಂದೆಯೇ 'ಬಿಗಿನರ್ಸ್ ಮ್ಯೂಸ್' ಅಂತ ಪುಸ್ತಕವೂ ಅಚ್ಚಾಗಿತ್ತು. ಊರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್‌ಗೆ ತನ್ನ ಕವಿತೆ ತೋರಿಸಿದ. ಅವರು ಓದಿ, ನಿನ್ನ ಭಾಷೆಯಲ್ಲಿ ಏನಾದರೂ ಬರೆದಿದ್ದೀಯಾ, ಕನ್ನಡದಲ್ಲಿ ಬರಿ ಅಂದರು. ಹುಡುಗನಿಗೆ ಹಿಡಿಸಲಿಲ್ಲ. ಹೊಗಳಲಿ ಅಂತ ಹೋದವನಿಗೆ ಹೇಗೆ ಹಿಡಿಸುತ್ತದೆ? ಆದರೆ ಬರೆದ. ಆ ಹುಡುಗ ಕುವೆಂಪು. ಅವತ್ತು ಕಸಿನ್ಸ್ ಸುಮ್ನೆ ಹತ್ತಕ್ಕೆ ಏಳು ಹಾಕಿ ಕಳಿಸಿದ್ದರೆ? ಸ್ವಲ್ಪ ಯೋಚನೆ ಮಾಡಿ. ಹತ್ತಕ್ಕೆ ಏಳು!

ಅದಕ್ಕೇ ಹೇಳುವುದು. ವಾಪಸ್ ಕೊಡಿ! ಮತ್ತೆ ಬರೆಸಿ!

"ಸಾರ್, ಕ್ಲಾಸಲ್ಲಿ ತೊಂಬತ್ತು ಜನ, ಯಾರು ಓದುತ್ತಾರೆ?" ಇದು ಇನ್ನೊಬ್ಬರ ಕಾಮೆಂಟ್. ಲೆಕ್ಚರರ್ ಇರಬೇಕು. ನೊಂದುಕೊಂಡು ಬರೆದಿದ್ದಾರೆ. ಅಯ್ಯೋ, ಪಕ್ಕದ ಬೆಂಚಿನವನಿಗೆ ಕೊಡಿಸಿ ಸಾರ್! ಪಕ್ಕದವನ ತಪ್ಪು ಹುಡುಕುವುದರಲ್ಲಿ ನಮ್ಮ ಹುಡುಗರನ್ನು ಮೀರಿಸಿದವರಿಲ್ಲ. ಪುಕ್ಕಟೆ ಕೆಲಸ.

"ಎಐ ತಿದ್ದಿ ಕೊಡುತ್ತದಲ್ಲ?" ಕೊಡುತ್ತದೆ. ನಿನ್ನ ಬದಲು ಜಿಮ್ಮಿಗೂ ಅದನ್ನೇ ಕಳಿಸು. ಅದಕ್ಕೆ ಮೈ ಬರುತ್ತದೆ, ನಿನಗೆ ಹೊಟ್ಟೆ.

"ತಿದ್ದಿದರೆ ಸ್ವಂತಿಕೆ ಹೋಗುತ್ತದೆ." ಎಲ್ಲಿಗೆ? ಬಸ್ ಹತ್ತಿ ಹೋಗುತ್ತದಾ? ಗೈಡ್ ನೋಡಿ ಕಾಪಿ ಹೊಡೆದ ನಾಲ್ಕು ಪುಟದಲ್ಲಿ ಸ್ವಂತದ್ದು ಅಂದರೆ ರಿಜಿಸ್ಟರ್ ನಂಬರ್ ಒಂದೇ. ಅದನ್ನು ಯಾರೂ ತಿದ್ದುವುದಿಲ್ಲ, ಹೆದರಬೇಡಿ.

ಇನ್ನೂ ಒಂದು ಪಾಯಿಂಟ್ ಇತ್ತು. ಇಲ್ಲೇ ಬರೆದಿದ್ದೆ... ನನ್ನ ಅಕ್ಷರ ನನಗೇ ಓದಲು ಬರುತ್ತಿಲ್ಲ. ಬಿಡಿ, ಅದೂ ಇದನ್ನೇ ಹೇಳುತ್ತಿತ್ತು. ವಾಪಸ್ ಕೊಡಿ ಅಂದರೆ ವಾಪಸ್ ಕೊಡಿ ಅಷ್ಟೇ! ಕಾರಣ ಎಲ್ಲಾ ಮೇಲೆ ಹೇಳಿ ಆಯಿತು. ಪಕ್ಕದ ಮನೆ ಕುಕ್ಕರ್ ಕೂಗುತ್ತಿದೆ, ಕೇಳುತ್ತಿದೆಯಾ? ಇದನ್ನು ಎಡಿಟಿಂಗ್‌ನಲ್ಲಿ ತೆಗೆಯಬೇಕು. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಆ ಕುಮಾರವ್ಯಾಸ ಸಾರ್, ನೀವೂ ಮಾಡಿ. ಮೊದಲು ಆ ಣ ಸರಿ ಮಾಡಿ. ಎಡಿಟ್ ಬಟನ್ ಮೂರು ಚುಕ್ಕೆಯ ಹಿಂದೆ ಇರುತ್ತದೆ.