ಹತ್ತು ಹೆಜ್ಜೆ ಹೋಗಿ, ಹತ್ತು ಹೆಜ್ಜೆ ಬನ್ನಿ: ನಡೆಯುತ್ತಲೇ ಧ್ಯಾನ

[ದೃಶ್ಯ: ಬೆಳಗಿನ ಜಾವ, ಮನೆಯ ತಾರಸಿ. ಬರಿಗಾಲು ಹತ್ತಿರದಿಂದ ಕಾಣುತ್ತದೆ. ಒಂದು ಹಿಮ್ಮಡಿ ಮೆಲ್ಲಗೆ ಮೇಲೇಳುತ್ತದೆ.]

ನಮಸ್ಕಾರ.

ಧ್ಯಾನ ಮಾಡಬೇಕು ಅಂತ ಕೂರುತ್ತೀರಿ. ಕಣ್ಣು ಮುಚ್ಚುತ್ತೀರಿ. ಎರಡು ನಿಮಿಷಕ್ಕೆ ಕಾಲು ಜೋಮು ಹಿಡಿಯುತ್ತದೆ. ಇಲ್ಲಾ ತೂಕಡಿಕೆ ಬರುತ್ತದೆ. ಇಲ್ಲಾ ಒಲೆ ಮೇಲೆ ಹಾಲಿಟ್ಟದ್ದು ನೆನಪಾಗುತ್ತದೆ. ನಾಲ್ಕು ದಿನ ಹೀಗೇ ಆದರೆ, "ನನಗೆ ಇದೆಲ್ಲ ಒಗ್ಗಲ್ಲ" ಅಂತ ಬಿಟ್ಟುಬಿಡುತ್ತೀರಿ. ಹಾಗೆ ಬಿಟ್ಟವರಿಗೋಸ್ಕರ ಈ ವಿಡಿಯೋ. ಕೂರಲು ಆಗದಿದ್ದರೆ ನಡೆಯಬಹುದು. ಇದು ಕೈಲಾಗದವರ ಧ್ಯಾನ ಅಲ್ಲ. ಎರಡೂವರೆ ಸಾವಿರ ವರ್ಷದಿಂದ ಕೂತು ಮಾಡುವ ಧ್ಯಾನದ ಜೊತೆಜೊತೆಗೇ ಬಂದಿರುವ ಅಭ್ಯಾಸ ಇದು.

ನಾನು ಇದನ್ನು ಕಲಿತದ್ದು ಆಸ್ಪತ್ರೆಯ ಕಾರಿಡಾರಿನಲ್ಲಿ. ಅಮ್ಮ ಐಸಿಯುನಲ್ಲಿದ್ದರು. ರಾತ್ರಿ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಹೊರಗೆ ಕುರ್ಚಿಯಲ್ಲಿ ಕೂತರೆ ತಲೆಯಲ್ಲಿ ಒಂದೇ ಯೋಚನೆ, ಗಿರಗಿರ ಅಂತ. ಕೂರಲು ಆಗದೆ ಎದ್ದು ನಡೆಯಲು ಶುರು ಮಾಡಿದೆ. ಈ ಗೋಡೆಯಿಂದ ಆ ಬಾಗಿಲಿಗೆ 22 ಟೈಲ್ಸ್. ಅದರಲ್ಲಿ ಒಂದು ಸಡಿಲವಾಗಿತ್ತು. ಅದರ ಮೇಲೆ ಕಾಲಿಟ್ಟರೆ ಟಕ್ ಅನ್ನುತ್ತಿತ್ತು. ಮೂರನೇ ರಾತ್ರಿ ಒಂದು ವಿಷಯ ಗಮನಕ್ಕೆ ಬಂತು. ಕೆಲವು ಸಲ ಆ ಟಕ್ ನನಗೆ ಕೇಳಿಸುತ್ತಿತ್ತು. ಕೆಲವು ಸಲ ಅದನ್ನು ದಾಟಿ ಬಾಗಿಲ ಹತ್ತಿರ ಬಂದಿದ್ದರೂ ಸದ್ದು ಕಿವಿಗೆ ಬಿದ್ದೇ ಇರುತ್ತಿರಲಿಲ್ಲ. ಕಾಲು ಇಲ್ಲಿ ನಡೆಯುತ್ತಿತ್ತು, ನಾನು ಇನ್ನೆಲ್ಲೋ ಇದ್ದೆ. ಆಮೇಲೆ ಆ ಸದ್ದಿಗೋಸ್ಕರ ನಡೆದೆ. ಭಯವೇನೂ ಹೋಗಲಿಲ್ಲ. ಆದರೆ ಭಯದ ಪಕ್ಕದಲ್ಲಿ ಕಾಲೂ ಇತ್ತು, ತಣ್ಣಗಿನ ನೆಲವೂ ಇತ್ತು. ಅಷ್ಟು ಸಾಕಾಯಿತು, ಬೆಳಗಿನ ತನಕ ತಡೆದುಕೊಳ್ಳಲು.

ಅಮ್ಮ ಮನೆಗೆ ಬಂದರು. ಇವತ್ತಿಗೂ ಅವರು ಮಲಗಿದ ಮೇಲೆ ನಾನು ತಾರಸಿಯಲ್ಲಿ ನಡೆಯುತ್ತೇನೆ.

[ದೃಶ್ಯ: ಬೋಧಗಯಾದ ಮಹಾಬೋಧಿ ದೇವಾಲಯ. ಗೋಡೆಯ ಪಕ್ಕ ಸಾಲಾಗಿ ಕಲ್ಲಿನ ಕಮಲಗಳು.]

ನಾನು ತಡಕಾಡುತ್ತಾ ಮಾಡಿದ್ದಕ್ಕೆ ಒಂದು ಹೆಸರಿದೆ ಅಂತ ಆಮೇಲೆ ಗೊತ್ತಾಯಿತು. ಪಾಲಿ ಭಾಷೆಯಲ್ಲಿ ಚಂಕಮ, ಸಂಸ್ಕೃತದಲ್ಲಿ ಚಂಕ್ರಮಣ. ಅಂದರೆ ಹಿಂದೆ ಮುಂದೆ ನಡೆಯುವುದು. ಬೋಧಗಯಾಕ್ಕೆ ಹೋದವರು ದೇವಾಲಯದ ಉತ್ತರದ ಗೋಡೆ ಪಕ್ಕ ಒಂದು ಉದ್ದನೆಯ ಕಟ್ಟೆ ನೋಡಿರುತ್ತೀರಿ. ಅದರ ಮೇಲೆ ಕಲ್ಲಿನಲ್ಲಿ ಕೆತ್ತಿದ ಕಮಲಗಳಿವೆ. ಜ್ಞಾನೋದಯವಾದ ಮೇಲಿನ ಮೂರನೇ ವಾರವನ್ನು ಬುದ್ಧ ಅಲ್ಲಿ ನಡೆಯುತ್ತಾ ಕಳೆದ ಅನ್ನುವುದು ನಂಬಿಕೆ. ಮರದ ಕೆಳಗೆ ಕೂತ ಬುದ್ಧನ ಚಿತ್ರ ನಮ್ಮೆಲ್ಲರಿಗೂ ಗೊತ್ತು. ನಡೆದ ಬುದ್ಧನನ್ನು ಮಾತ್ರ ನಾವು ಮರೆತೇಬಿಟ್ಟಿದ್ದೇವೆ, ಅಲ್ವಾ?

ಹಳೆಯ ಪಾಲಿ ಗ್ರಂಥ ಅಂಗುತ್ತರ ನಿಕಾಯದಲ್ಲಿ ನಡಿಗೆಯ ಐದು ಲಾಭಗಳನ್ನು ಹೇಳಿದ್ದಾರೆ. ದೂರ ಪ್ರಯಾಣಕ್ಕೆ ಮೈ ಗಟ್ಟಿಯಾಗುತ್ತದೆ. ಸಾಧನೆಗೆ ಶಕ್ತಿ ಬರುತ್ತದೆ. ಕಾಯಿಲೆ ಕಡಿಮೆ. ಉಂಡದ್ದು ಚೆನ್ನಾಗಿ ಅರಗುತ್ತದೆ. ಐದನೆಯದು ನನಗೆ ತುಂಬಾ ಇಷ್ಟ: ನಡೆಯುತ್ತಾ ಬಂದ ಏಕಾಗ್ರತೆ ಬಹಳ ಹೊತ್ತು ಉಳಿಯುತ್ತದೆ. ಯೋಚಿಸಿದರೆ ಸರಿಯೇ ಅನ್ನಿಸುತ್ತದೆ. ಮೈ ಅಲ್ಲಾಡುತ್ತಾ, ಕಣ್ಣು ತೆರೆದು, ಸದ್ದಿನ ನಡುವೆ ಕಲಿತದ್ದು, ಸದ್ದಿನ ನಡುವೆ ಅಷ್ಟು ಸುಲಭಕ್ಕೆ ಚದುರುವುದಿಲ್ಲ.

ಕಳೆದ ಶತಮಾನದಲ್ಲಿ ಬರ್ಮಾದ ಮಹಾಸಿ ಸಯಾಡೋ ಅನ್ನುವ ಭಿಕ್ಷು ಇದನ್ನು ಸಾಮಾನ್ಯ ಜನರಿಗೂ ಕಲಿಸಿದರು. ಅವರ ಪದ್ಧತಿಯ ಶಿಬಿರಗಳಲ್ಲಿ ಒಂದು ಗಂಟೆ ಕೂತರೆ ಒಂದು ಗಂಟೆ ನಡೆಯುತ್ತಾರೆ. ಅರ್ಧಕ್ಕರ್ಧ ನಡಿಗೆಯೇ. ಜಪಾನಿನ ಝೆನ್ ಮಠಗಳಲ್ಲೂ ಕೂತು ಮಾಡುವ ಧ್ಯಾನದ ನಡುವೆ ಎದ್ದು ನಡೆಯುತ್ತಾರೆ, ಅದಕ್ಕೆ ಕಿನ್‌ಹಿನ್ ಅನ್ನುತ್ತಾರೆ.

ಸರಿ, ಮಾಡುವುದು ಹೇಗೆ?

[ದೃಶ್ಯ: ಮಾತನಾಡುವವರು ತಾರಸಿಯ ಒಂದು ತುದಿಯಲ್ಲಿ ನಿಂತಿದ್ದಾರೆ.]

ಹತ್ತು ಹದಿನೈದು ಹೆಜ್ಜೆ ಜಾಗ ಸಾಕು. ಹಜಾರ, ವರಾಂಡ, ತಾರಸಿ, ಯಾವುದಾದರೂ ಸರಿ. ರಸ್ತೆ ಬೇಡ. ಗಾಡಿ ಓಡಾಡುವ ಕಡೆ ಗಮನ ಗಾಡಿ ಮೇಲೇ ಇರಬೇಕು. ಆಗುವುದಾದರೆ ಚಪ್ಪಲಿ ಬಿಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಚಪ್ಪಲಿ ಹಾಕಿಕೊಂಡೇ ನಡೆಯಿರಿ. ಬಿಸಿ ಆದದ್ದು, ಚುಚ್ಚಿದ್ದು ಅಂಥ ಪಾದಕ್ಕೆ ಗೊತ್ತಾಗುವುದಿಲ್ಲ. ವಯಸ್ಸಾದವರು ಗೋಡೆ ಪಕ್ಕ ನಡೆಯಲಿ, ಕೈಗೆ ಆಸರೆ ಸಿಗುತ್ತದೆ.

ಮೊದಲು ಸುಮ್ನೆ ನಿಲ್ಲಿ. ಮೈಯ ಭಾರ ಎಲ್ಲಿದೆ? ಹಿಮ್ಮಡಿಯಲ್ಲಾ, ಹೆಬ್ಬೆರಳ ಬುಡದಲ್ಲಾ? ನೋಡಿಕೊಂಡು ನಡೆಯಲು ಶುರು ಮಾಡಿ. ಕಣ್ಣು ತೆರೆದೇ ಇರಲಿ, ನೋಟ ನಾಲ್ಕೈದು ಅಡಿ ಮುಂದೆ ನೆಲದ ಮೇಲೆ. ಮೊದಮೊದಲು ಮನಸ್ಸಿನಲ್ಲೇ "ಎಡ, ಬಲ, ಎಡ, ಬಲ" ಅಂತ ಅಂದುಕೊಳ್ಳಿ, ಅಷ್ಟೇ. ಐದು ನಿಮಿಷದ ಮೇಲೆ ನಿಧಾನ ಮಾಡಿ. ಈಗ ಒಂದು ಹೆಜ್ಜೆಯಲ್ಲಿ ಮೂರು ಭಾಗ: ಎತ್ತುವುದು, ಚಾಚುವುದು, ಇಡುವುದು.

ಇಲ್ಲೊಂದು ತಮಾಷೆ ಇದೆ. ನಿಧಾನ ಮಾಡಿದ ಕೂಡಲೇ ಮೈ ತೂರಾಡುತ್ತದೆ! ಒಂದು ವರ್ಷದ ಮಗುವಾಗಿದ್ದಾಗ ಕಲಿತ ನಡಿಗೆ, ಈಗ ಬರುವುದೇ ಇಲ್ಲವೇನೋ ಅನ್ನಿಸುತ್ತದೆ. ನಿಧಾನವಾದಷ್ಟೂ ಒಂದೇ ಕಾಲ ಮೇಲೆ ನಿಲ್ಲುವ ಹೊತ್ತು ಜಾಸ್ತಿ ಆಗುತ್ತದೆ, ಅದಕ್ಕೇ ಹಾಗೆ. ಗಾಬರಿ ಬೇಡ. ಕಣಕಾಲು ಆಚೀಚೆ ಸಣ್ಣಗೆ ನಡುಗುವುದು, ಬೆರಳುಗಳು ನೆಲವನ್ನು ಹಿಡಿದುಕೊಳ್ಳುವುದು, ಎಲ್ಲ ಗೊತ್ತಾಗುತ್ತದೆ. ಅದನ್ನೇ ಗಮನಿಸಿ. ಒಂದು ಪಾದದಲ್ಲಿ 26 ಮೂಳೆಗಳಿವೆ. ದಿನವಿಡೀ ಹೊತ್ತು ತಿರುಗುವ ಆ ಪಾದವನ್ನು ನಾವು ನೆನೆಯುವುದು ಮುಳ್ಳು ಚುಚ್ಚಿದಾಗ ಮಾತ್ರ.

ತುದಿ ಮುಟ್ಟಿದ ಮೇಲೆ ನಿಲ್ಲಿ. ತಿರುಗಿ. ಮತ್ತೆ ನಿಲ್ಲಿ. ಈ ತಿರುವಿನಲ್ಲೇ ಮನಸ್ಸು ತಪ್ಪಿಸಿಕೊಳ್ಳುವುದು ಜಾಸ್ತಿ. ಹಾಗಾಗಿ ಅಲ್ಲಿ ಅವಸರ ಬೇಡ.

ಮನಸ್ಸು ಓಡುತ್ತದೆ. ಕರೆಂಟ್ ಬಿಲ್ಲು, ಮಗಳ ಪರೀಕ್ಷೆ, ನಿನ್ನೆ ಯಾರೋ ಅಂದ ಮಾತು. ಓಡಿದ್ದು ಗೊತ್ತಾದ ಆ ಗಳಿಗೆಯೇ ಅಭ್ಯಾಸ. "ಅಯ್ಯೋ, ಮತ್ತೆ ಹೋಯ್ತಾ" ಅಂತ ಬೈದುಕೊಳ್ಳಬೇಡಿ. ಯಾವ ಕಾಲು ನೆಲದ ಮೇಲಿದೆಯೋ ಆ ಕಾಲಿಗೆ ವಾಪಸ್ ಬನ್ನಿ. ಹತ್ತು ನಿಮಿಷದಲ್ಲಿ ಐವತ್ತು ಸಲ ಹೋದರೆ ಐವತ್ತು ಸಲ ಬನ್ನಿ.

ಹಾಡು ಕೇಳುತ್ತಾ ಇದನ್ನು ಮಾಡಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಬೇಡ ಅಂತಲೇ ಹೇಳುತ್ತೇನೆ. ವಾಕಿಂಗ್ ಹೋಗುವಾಗ ಹಾಡು ಕೇಳಿ, ಅದು ಬೇರೆ ಸಂತೋಷ. ಈ ಹತ್ತು ನಿಮಿಷ ಮಾತ್ರ ಕಿವಿಯಲ್ಲಿ ಏನೂ ಬೇಡ.

[ದೃಶ್ಯ: ಅಡುಗೆಮನೆಯ ಸಿಂಕ್. ನಲ್ಲಿ ನೀರು. ತಳ ಹಿಡಿದ ಪಾತ್ರೆ.]

ಈಗ ಮನೆಗೆಲಸಕ್ಕೆ ಬರೋಣ. ಅರಿವಿನ ಅಭ್ಯಾಸದ ಬಗ್ಗೆ ಬುದ್ಧ ಮಾಡಿದ ಉಪದೇಶ ಸತಿಪಟ್ಠಾನ ಸುತ್ತದಲ್ಲಿ ನಡೆಯುವುದು, ನಿಲ್ಲುವುದರ ಜೊತೆಗೆ ಉಣ್ಣುವುದು, ಬಟ್ಟೆ ಹಾಕಿಕೊಳ್ಳುವುದು, ಕೊನೆಗೆ ಶೌಚಕ್ಕೆ ಹೋಗುವುದನ್ನೂ ಅರಿವಿನಿಂದ ಮಾಡಲು ಹೇಳಿದೆ. ಯಾವ ಕೆಲಸವನ್ನೂ ಕೀಳು ಅಂತ ಹೊರಗೆ ಇಟ್ಟಿಲ್ಲ. ಹಾಗಂತ ನಾಳೆಯಿಂದ ಇಡೀ ದಿನ ಹೀಗೇ ಇರುತ್ತೇನೆ ಅಂತ ಹೊರಟರೆ ಸಂಜೆಯೊಳಗೆ ಸುಸ್ತಾಗುತ್ತೀರಿ. ಒಂದೇ ಒಂದು ಕೆಲಸ ಆರಿಸಿಕೊಳ್ಳಿ.

ನನ್ನದು ಪಾತ್ರೆ ತೊಳೆಯುವುದು. ಪಾತ್ರೆ ಕೈಗೆ ತೆಗೆದುಕೊಂಡ ಕೂಡಲೇ ಅದರ ತೂಕ. ನೀರಿನ ತಂಪು ಮಣಿಕಟ್ಟಿನ ತನಕ. ಅನ್ನದ ಪಾತ್ರೆಯ ತಳದಲ್ಲಿ ನಾರು ಉಜ್ಜುವಾಗ ಮೊದಲು ಗರಗರ, ಆಮೇಲೆ ಸದ್ದು ಸಣ್ಣಗಾಗುತ್ತದೆ, ಕೊನೆಗೆ ಬೆರಳಾಡಿಸಿದರೆ ಕೀಚ್ ಅನ್ನುತ್ತದೆ. ಜಿಡ್ಡು ಹೋಯಿತು ಅಂತ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಮುಂದಿನ ಪಾತ್ರೆ ಮುಂದಿನ ಪಾತ್ರೆಯೇ, ಅದರ ಸರದಿ ಬಂದಾಗ ನೋಡೋಣ.

ನಿಮ್ಮದು ಹೂ ಕಟ್ಟುವುದಿರಬಹುದು. ದಾರ ಸುತ್ತಿ ಗಂಟು ಎಳೆದಾಗ ಮಲ್ಲಿಗೆಯ ತೊಟ್ಟು ನಲುಗದೆ ನಿಲ್ಲುವಷ್ಟೇ ಬಿಗಿ, ಆ ಅಳತೆ ಬೆರಳಲ್ಲೇ ಇರುತ್ತದೆ. ಅಂಗಳ ಗುಡಿಸುವುದು, ಬಟ್ಟೆ ಹಿಂಡುವುದು, ಚಪಾತಿ ಲಟ್ಟಿಸುವುದು, ಮತ್ತೆ ಮತ್ತೆ ಒಂದೇ ಥರ ಕೈ ಆಡುವ ಯಾವ ಕೆಲಸವಾದರೂ ಆಗುತ್ತದೆ. ಗುಡಿ ಸುತ್ತ ಪ್ರದಕ್ಷಿಣೆ ಹಾಕುವವರು ಎಣಿಕೆಯ ಜೊತೆ ಕಲ್ಲು ಹಾಸಿನ ತಂಪನ್ನೂ ಗಮನಿಸಿ ನೋಡಿ.

ಒಂದು ಎಚ್ಚರಿಕೆ. ಇದು ಔಷಧಿಗೆ ಬದಲಿ ಅಲ್ಲ. ಮನಸ್ಸು ತುಂಬಾ ಕುಸಿದಿದ್ದರೆ ವೈದ್ಯರ ಹತ್ತಿರ ಹೋಗಿ. ನಡೆಯುವಾಗ ದುಃಖ ಉಕ್ಕಿ ಬಂದು ಉಸಿರು ಕಟ್ಟಿದಂತಾದರೆ ನಿಲ್ಲಿಸಿ, ಕೂತುಕೊಳ್ಳಿ, ಮನೆಯವರ ಜೊತೆ ಮಾತನಾಡಿ. ಹಟ ಮಾಡಬೇಕಾಗಿಲ್ಲ.

ಈಗ ಕುರ್ಚಿಯಿಂದ ಏಳಿ. ಫೋನ್ ಅಲ್ಲೇ ಇಡಿ. ನಾನು ಮಾತು ನಿಲ್ಲಿಸುತ್ತೇನೆ. ಆಚೆ ಗೋಡೆ ತನಕ ಹತ್ತು ಹೆಜ್ಜೆ ಹೋಗಿ, ನಿಂತು, ತಿರುಗಿ ಬನ್ನಿ. ನಾನೂ ನಿಮ್ಮ ಜೊತೆ ನಡೆಯುತ್ತೇನೆ. ಎಡಗಾಲು ಮೊದಲು.

[ದೃಶ್ಯ: ಮಾತಿಲ್ಲ. ತಾರಸಿಯಲ್ಲಿ ಎರಡು ಬರಿಗಾಲು ನಡೆಯುತ್ತಿವೆ. ಹೆಜ್ಜೆಯ ಸದ್ದು, ದೂರದಲ್ಲಿ ಹಾಲಿನವನ ಸೈಕಲ್ ಗಂಟೆ. ಒಂದು ನಿಮಿಷ ಹಾಗೇ.]