ಫಾರಂ ತುಂಬುವವರನ್ನು ಕೇಳಿ ಫಾರಂ ಮಾಡಿ

ನಮಸ್ಕಾರ. ಇವತ್ತು ಶಾಲೆ ಬಸ್‌ಗಳ ಬಗ್ಗೆ ಮಾತಾಡಬೇಕು ಅಂತ ಬರೆದಿಟ್ಟಿದ್ದೆ. ಅದನ್ನು ಪಕ್ಕಕ್ಕಿಟ್ಟೆ. ಕಾರಣ, ಹೋದ ವಾರದ ಸಂಚಿಕೆಗೆ ಬಂದ ಒಂದು ಕಾಮೆಂಟ್. "ಸರ್ಕಾರ ದುಡ್ಡು ಕೊಡುತ್ತೆ, ನಾಲ್ಕು ಹಾಳೆ ತುಂಬೋಕೆ ಏನ್ರೀ ಗೋಳು?" ಅಂತ ಒಬ್ಬರು ಬರೆದಿದ್ದಾರೆ. ಅದಕ್ಕೆ ಲೈಕ್‌ಗಳೂ ಬಿದ್ದಿವೆ. ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ.

ನನ್ನ ಅಣ್ಣನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಈಗ ಒಂಬತ್ತನೇ ಕ್ಲಾಸು. ಸ್ಕಾಲರ್‌ಶಿಪ್‌ಗೆ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಕೇಳಿದರು. ಆ ಕಾರ್ಡಿಗೆ ಆಧಾರ್ ಬೇಕು. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಮುಂದಿದೆ, ಶಾಲೆಯ ದಾಖಲೆಯಲ್ಲಿ ಹಿಂದಿದೆ. ಅಷ್ಟಕ್ಕೇ ಅರ್ಜಿ ವಾಪಸ್. ಅತ್ತಿಗೆ ನಾಲ್ಕು ದಿನ ಕೂಲಿ ಬಿಟ್ಟು ಓಡಾಡಿದರು. ಯಾವ ಕಚೇರಿ ಅಂತ ಹೇಳುವುದಿಲ್ಲ, ಅಲ್ಲಿನ ಗುಮಾಸ್ತರ ಮೇಲೆ ನನಗೆ ಸಿಟ್ಟೂ ಇಲ್ಲ. ಹೆಸರು ತಾಳೆಯಾಗದಿದ್ದರೆ ಅವರ ಕಂಪ್ಯೂಟರ್ ಮುಂದಕ್ಕೇ ಹೋಗುವುದಿಲ್ಲ. ನನ್ನ ಸಿಟ್ಟು ಆ ಫಾರಂ ಮೇಲೆ. ಅದನ್ನು ಮಾಡುವಾಗ ನಮ್ಮ ಅತ್ತಿಗೆಯಂಥ ಒಬ್ಬರನ್ನಾದರೂ ಕೂರಿಸಿಕೊಂಡು "ಇದು ಸರಿಯಾ ಅಮ್ಮಾ?" ಅಂತ ಕೇಳಬೇಕಿತ್ತು.

ಇವತ್ತು ನಾನು ಹೇಳುವುದು ಒಂದೇ ಮಾತು. ಫಾರಂ ತುಂಬುವವರನ್ನು ಕೇಳಿ ಫಾರಂ ಮಾಡಿ.

"ಕೇಳ್ತಾರಲ್ಲ, ಆಕ್ಷೇಪಣೆ ಸಲ್ಲಿಸಿ ಅಂತ ಗೆಜೆಟ್‌ನಲ್ಲಿ ಹಾಕ್ತಾರಲ್ಲ" ಅನ್ನುತ್ತೀರಾ? ಹೌದು, ಹಾಕುತ್ತಾರೆ. ಕಾನೂನು, ನಿಯಮಗಳ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು, ಜೊತೆಗೆ ಸರಳ ಭಾಷೆಯಲ್ಲಿ ವಿವರಣೆಯೂ ಇರಬೇಕು ಅಂತ 2014ರಲ್ಲೇ ಕೇಂದ್ರ ಸರ್ಕಾರ ನೀತಿ ಮಾಡಿಕೊಂಡಿದೆ. ಒಳ್ಳೆಯ ನೀತಿ. ಆದರೆ 2024ರ ಜುಲೈನಲ್ಲಿ ಏನಾಯಿತು? ಅಂಗವಿಕಲರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿಯ ಕರಡು ಬಂತು. ಅಂಗವೈಕಲ್ಯದ ಸರ್ಟಿಫಿಕೇಟ್ ಹೇಗೆ ಕೊಡಬೇಕು, ಯಾವ ದಾಖಲೆ ಬೇಕು, ಎಲ್ಲ ಅದರಲ್ಲೇ ಇತ್ತು. ಗೆಜೆಟ್ ಬರುವುದು ಹಿಂದಿಯಲ್ಲಿ, ಇಂಗ್ಲಿಷ್‌ನಲ್ಲಿ. ನಮ್ಮ ಅತ್ತಿಗೆ ಓದುವುದು ಕನ್ನಡ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಜಾಸ್ತಿ ಅಂಗವಿಕಲರಿದ್ದಾರೆ. ಅವರಲ್ಲಿ ಎಷ್ಟು ಜನರ ಮನೆಗೆ ಆ ಸುದ್ದಿ ತಲುಪಿತು? ನಿಮ್ಮ ಮನೆಗೆ ತಲುಪಿತಾ?

ಅಕ್ಟೋಬರ್‌ನಲ್ಲಿ ಅಂತಿಮ ನಿಯಮ ಬಂತು. ಮೊದಲು ಒಂದು ತಿಂಗಳೊಳಗೆ ಸರ್ಟಿಫಿಕೇಟ್ ಕೊಡಬೇಕಿತ್ತು. ಈಗ ಮೂರು ತಿಂಗಳು. ಎರಡು ವರ್ಷ ಇತ್ಯರ್ಥವಾಗದೆ ಉಳಿದ ಅರ್ಜಿ ತಾನೇ ನಿಂತುಹೋಗುತ್ತದೆ, ಮತ್ತೆ ಮೊದಲಿಂದ ಹಾಕಬೇಕು. ಸ್ಕಾಲರ್‌ಶಿಪ್‌ಗೆ ಕೊನೇ ದಿನಾಂಕ ಇರುವ ಮಗುವಿಗೆ ಮೂರು ತಿಂಗಳು ಅಂದರೆ ಒಂದು ವರ್ಷವೇ ಹೋದ ಹಾಗೆ. ತಾಯಂದಿರನ್ನು ಕೇಳಿದ್ದರೆ ಒಬ್ಬರಾದರೂ ಇದಕ್ಕೆ ಒಪ್ಪುತ್ತಿದ್ದರಾ?

"ಎಲ್ಲಾ ಭಾಷೆಗೂ ಅನುವಾದ ಮಾಡೋಕಾಗುತ್ತಾ?" ಅನ್ನುವವರಿಗೆ 2020 ನೆನಪಿರಬೇಕು. ದೊಡ್ಡ ಯೋಜನೆಗಳಿಂದ ಪರಿಸರಕ್ಕೆ ಏನಾಗುತ್ತದೆ ಅಂತ ಅಂದಾಜು ಮಾಡುವ ನಿಯಮದ ಕರಡನ್ನು 22 ಭಾಷೆಗಳಿಗೆ ಅನುವಾದಿಸಿ ಅಂತ ದೆಹಲಿ ಹೈಕೋರ್ಟ್ ಹೇಳಿತು. ಅದೇ ವರ್ಷ ಆಗಸ್ಟ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್, ಆ ಅಧಿಸೂಚನೆಯನ್ನು ಅಂತಿಮಗೊಳಿಸುವುದಕ್ಕೇ ತಾತ್ಕಾಲಿಕ ತಡೆ ಕೊಟ್ಟಿತು. ಜನರ ಭಾಷೆಯಲ್ಲಿ ಕೇಳದಿದ್ದರೆ ಅದು ಕೇಳಿದ ಹಾಗಲ್ಲ. ಕಾಡಿಗೆ ಒಂದು ನ್ಯಾಯ, ನಮ್ಮ ಮಕ್ಕಳಿಗೆ ಇನ್ನೊಂದಾ?

ಅಮೆರಿಕದಲ್ಲಿರುವ ಕನ್ನಡದವರು ಈ ಕಾರ್ಯಕ್ರಮ ಕೇಳುತ್ತೀರಿ, ನಿಮಗೆ ಇದು ಗೊತ್ತಿರಬಹುದು. ಅಲ್ಲಿ 1980ರಲ್ಲೇ ಪೇಪರ್‌ವರ್ಕ್ ರಿಡಕ್ಷನ್ ಆಕ್ಟ್ ಅಂತ ಕಾನೂನು ಬಂತು. ಫೆಡರಲ್ ಇಲಾಖೆ ಹೊಸ ಫಾರಂ ತರಬೇಕಾದರೆ ಮೊದಲು 60 ದಿನ, ಆಮೇಲೆ ಇನ್ನೊಂದು 30 ದಿನ ಜನರನ್ನು ಕೇಳಬೇಕು. ಈ ಮಾಹಿತಿ ನಿಜವಾಗಿ ಬೇಕಾ? ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ? ಆ ಅಂದಾಜು ಸಮಯವನ್ನೂ ತಿಳಿಸಬೇಕು. ಶಿಕ್ಷಣ ಇಲಾಖೆಗೂ ಇದೇ ನಿಯಮ. ಸರ್ಕಾರದ ಒಪ್ಪಿಗೆಯ ನಂಬರ್ ಇಲ್ಲದ ಫಾರಂ ತುಂಬಲಿಲ್ಲ ಅಂತ ಯಾರಿಗೂ ದಂಡ ಹಾಕುವಂತಿಲ್ಲ. ಅಲ್ಲಿ ಎಲ್ಲಾ ಸರಿ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ತುಂಬುವವರ ಸಮಯಕ್ಕೆ ಬೆಲೆ ಇದೆ ಅಂತ ಕಾನೂನೇ ಒಪ್ಪಿಕೊಂಡಿದೆ. ನಮ್ಮ ಅತ್ತಿಗೆಯ ನಾಲ್ಕು ದಿನದ ಕೂಲಿ ಇಲ್ಲಿ ಯಾವ ಲೆಕ್ಕದಲ್ಲಿದೆ?

ಇನ್ನೊಂದು ಹೇಳುತ್ತೇನೆ, ಇದನ್ನು ದಯವಿಟ್ಟು ಗಮನ ಕೊಟ್ಟು ಕೇಳಿ. 2017ರ ನಿಯಮದ ಜೊತೆ ಬಂದ ಸರ್ಟಿಫಿಕೇಟ್ ಅರ್ಜಿಯ ಕೊನೆಯಲ್ಲಿ, ಅರ್ಜಿದಾರರ ಸಹಿ ಅಥವಾ ಎಡಗೈ ಹೆಬ್ಬೆರಳಿನ ಗುರುತು ಬೇಕು ಅಂತಿದೆ. ಅಂಗವಿಕಲರ ಅರ್ಜಿ ರೀ ಇದು! ಎರಡೂ ಕೈ ಇಲ್ಲದವರು ಏನು ಒತ್ತಬೇಕು? ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ ಇರುವವರಾದರೆ ಕಾನೂನುಬದ್ಧ ಪೋಷಕರು ಸಹಿ ಮಾಡಲಿ ಅಂತಿದೆ. ಸೆರೆಬ್ರಲ್ ಪಾಲ್ಸಿ ಇದ್ದೂ ಎಂಎ ಓದಿ, ಕೆಲಸ ಮಾಡಿ, ಮನೆ ನಡೆಸುವವರಿದ್ದಾರೆ. ಅವರ ಪರವಾಗಿ ಬೇರೆಯವರು ಯಾಕೆ ಸಹಿ ಹಾಕಬೇಕು? ಅವರನ್ನೇ ಒಂದು ಸಲ ಕೇಳಿದ್ದರೆ ಆ ಸಾಲು ಅಲ್ಲಿ ಇರುತ್ತಲೇ ಇರಲಿಲ್ಲ.

ಬ್ಯಾಂಕಿನವರು ಮೊಬೈಲ್‌ನಲ್ಲೇ ನಮ್ಮ ಗುರುತು ಪರಿಶೀಲಿಸುವ ಇ-ಕೆವೈಸಿಯದ್ದೂ ಇದೇ ಕಥೆ. ಕಣ್ಣು ಮಿಟುಕಿಸಿ ಅನ್ನುತ್ತದೆ ಮೊಬೈಲು. ಆಸಿಡ್ ದಾಳಿಯಲ್ಲಿ ಕಣ್ಣು ಕಳೆದುಕೊಂಡವರು ಹೇಗೆ ಮಿಟುಕಿಸಬೇಕು? ಅವರು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 2025ರ ಏಪ್ರಿಲ್‌ನಲ್ಲಿ ಕೋರ್ಟ್ 20 ನಿರ್ದೇಶನಗಳನ್ನು ಕೊಟ್ಟಿತು. ಮೊದಲೇ ಕೇಳಿದ್ದರೆ ಕೋರ್ಟ್ ಯಾಕೆ ಬೇಕಿತ್ತು? ಫಾರಂ ತುಂಬುವವರನ್ನು ಕೇಳಿ ಫಾರಂ ಮಾಡಿ!

"ಸಡಿಲ ಬಿಟ್ರೆ ಸುಳ್ಳು ಸರ್ಟಿಫಿಕೇಟ್ ಮಾಡಿಸ್ತಾರೆ" ಅಂತ ಒಂದು ವಾದ ಇದೆ. ಸುಳ್ಳು ಮಾಡುವವರ ಕಾಗದ ಯಾವತ್ತೂ ಸರಿಯಾಗೇ ಇರುತ್ತದೆ ಸ್ವಾಮಿ. ಇನಿಷಿಯಲ್ ಹಿಂದೆ ಮುಂದೆ ಆಗುವುದು ನಿಜವಾದವರದ್ದೇ. ಈ ವಾದಕ್ಕೆ ಇದಕ್ಕಿಂತ ಜಾಸ್ತಿ ಸಮಯ ಕೊಡಲ್ಲ.

ಹೊಸದಾಗಿ ಕೇಳುತ್ತಿರುವವರು ಸಬ್‌ಸ್ಕ್ರೈಬ್ ಆಗಿ. ಈ ಚಾನೆಲ್‌ನ ಎಲ್ಲ ಸಂಚಿಕೆಗೂ ಕನ್ನಡ ಸಬ್‌ಟೈಟಲ್ ಇದೆ. ನನ್ನ ಅಣ್ಣನ ಮಗಳು ಓದಲಿ ಅಂತ ಶುರು ಮಾಡಿದ್ದು. ಈಗ ಅವಳಂಥ ಎಷ್ಟೋ ಮಕ್ಕಳು ಓದುತ್ತಾರೆ. ಒಂದೊಂದು ಸಂಚಿಕೆಗೆ ಎರಡು ರಾತ್ರಿ ಕೆಲಸ ಹಿಡಿಯುತ್ತದೆ, ನಿಮ್ಮ ಬೆಂಬಲ ನಿಜಕ್ಕೂ ಬೇಕು.

ಮುಂದಿನ ವಾರ ಒಬ್ಬ ವಿಆರ್‌ಡಬ್ಲ್ಯು ನಮ್ಮ ಜೊತೆ ಕೂರುತ್ತಾರೆ. ಗ್ರಾಮ ಪಂಚಾಯ್ತಿಯಲ್ಲಿ ಗೌರವಧನಕ್ಕೆ ದುಡಿಯುವ ಪುನರ್ವಸತಿ ಕಾರ್ಯಕರ್ತರು. ತಾವೂ ಅಂಗವಿಕಲರಾಗಿದ್ದು, ಊರಿನವರ ಫಾರಂಗಳನ್ನೆಲ್ಲ ತುಂಬಿಕೊಡುವವರು. ಯಾವ ಕಾಲಂನಲ್ಲಿ ಜನ ಎಡವುತ್ತಾರೆ ಅಂತ ಇವರಿಗೆ ಬಾಯಿಪಾಠ. ಇವರನ್ನೂ ಯಾರೂ ಕೇಳಿಲ್ಲ. ಇವರನ್ನಾದರೂ ಕೇಳಿ! ನಿಮಗೆ ಕೈಮುಗಿಯುತ್ತೇನೆ, ಕೇಳಿ!

ಆ ಕಾಮೆಂಟ್ ಹಾಕಿದವರೇ, ನೀವೂ ಬನ್ನಿ. ನಮ್ಮ ಹುಡುಗಿಯ ಅರ್ಜಿ ಮತ್ತೆ ಹಾಕಬೇಕು, ಅತ್ತಿಗೆಯ ಪಕ್ಕದಲ್ಲಿ ಕೂತು ತುಂಬೋಣ. ಉಳಿದವರು ನಿಮ್ಮನ್ನು ಅಳುವಂತೆ ಮಾಡಿದ ಫಾರಂನ ಫೋಟೋ ಗುರುವಾರದೊಳಗೆ ಕಳಿಸಿ. ಆಧಾರ್ ನಂಬರ್ ಮಾತ್ರ ಮುಚ್ಚಿ ಕಳಿಸಿ.